ಕಲ್ಲು ಕೊಡದ ಉಸ್ತಾದರು

ಗರಡಿಮನೆಯ ಅಂಗಳದಲ್ಲಿ ಜಮಖಾನೆ ಹಾಸಿ, ತೀರಿಕೊಂಡ ಉಸ್ತಾದರಿಗೆ ಸಂತಾಪ ಸಭೆ ಮಾಡಿದರು. ನಾನು ಔರಾದಿನಿಂದ ಮೊದಲ ಬಸ್ಸು ಹಿಡಿದು ಬೀದರಿಗೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಇಪ್ಪತ್ತು ವರ್ಷಗಳ ಮೇಲೆ ಆ ಓಣಿಗೆ ಕಾಲಿಟ್ಟಿದ್ದೆ. ಒಬ್ಬರಾದ ಮೇಲೆ ಒಬ್ಬರು ಎದ್ದು ಉಸ್ತಾದರನ್ನು ಹೊಗಳಿದರು. ಒಬ್ಬರು ಶಾಂತಮೂರ್ತಿ ಅಂದರು. ಇನ್ನೊಬ್ಬರು, ಕೇಳಿದ್ದಕ್ಕೆ ಎಂದೂ ಇಲ್ಲ ಅಂದವರಲ್ಲ ಅಂದರು. ನಾನು ಪಕ್ಕದವರ ಮುಖ ನೋಡಿದೆ. ಬೇರೆ ಯಾರದೋ ಸಭೆಗೆ ತಪ್ಪಿ ಬಂದೆನೇನೋ ಎಂದು ಅನುಮಾನವಾಯಿತು. ನಾನು ಕೇಳಿದ ಒಂದೇ ಒಂದು ವಸ್ತುವಿಗೆ ಆ ಮನುಷ್ಯ ಆರು ತಿಂಗಳು ಇಲ್ಲ ಅಂದಿದ್ದರು. ಅದೇನು ಮಹಾ ವಸ್ತು? ಒಂದು ಕಲ್ಲು. ಎತ್ತಿ ಇಳಿಸಿ ಮತ್ತೆ ಅಲ್ಲೇ ಇಟ್ಟುಬಿಡುವ ಕಲ್ಲು.

ಸತ್ತ ಮೇಲೆ ಎಲ್ಲರೂ ಒಳ್ಳೆಯವರಾಗುತ್ತಾರೆ, ಸರಿ. ಆದರೆ ಇರುವಾಗ ಅವರು ಎಷ್ಟು ತಲೆ ತಿನ್ನುತ್ತಿದ್ದರು ಎಂಬುದನ್ನು ಯಾರಾದರೂ ಒಬ್ಬರು ಬರೆದಿಡಬೇಕಲ್ಲ.

ಹೆಸರು ಬರೆಯುವುದಿಲ್ಲ. ಊರಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. ಉಸ್ತಾದ್ ಅಂದರೆ ಅವರೇ. ಪೈಲ್ವಾನರೆಂದರೆ ಬಾಗಿಲಲ್ಲಿ ಬಗ್ಗಿ ಬರುವ ಆಳು ಎಂದು ತಿಳಿದು ಹೋದವರಿಗೆ ನಿರಾಶೆ ಖಾತ್ರಿ. ಕುಳ್ಳ ದೇಹ, ಗಿಡ್ಡ ಕುತ್ತಿಗೆ, ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಮುದುಡಿದ ಎರಡು ಕಿವಿ. ಹೊಸಬರು ಬಂದರೆ ಹೆಸರು ಕೇಳುವ ಮೊದಲೇ ಹೆಬ್ಬೆರಳಿನಿಂದ ತೋಳು ಒತ್ತಿ ನೋಡುತ್ತಿದ್ದರು. ಸಂತೆಯಲ್ಲಿ ಹೆಂಗಸರು ಬದನೆಕಾಯಿ ಒತ್ತಿ ನೋಡಿ ಮತ್ತೆ ಬುಟ್ಟಿಗೇ ಹಾಕುವುದಿಲ್ಲವೇ, ಥೇಟು ಹಾಗೆ. ಒತ್ತಿದ ಮೇಲೆ ನಾಲಿಗೆಯಿಂದ ಚ್ಚ್ ಎಂದು ಒಂದು ಸದ್ದು. ಅದು ಮೆಚ್ಚಿಗೆಯೋ ಮರುಕವೋ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ವಿಷಯದಲ್ಲಿ ಮಾತ್ರ ತಿಳಿಯಿತು.

ಆಗ ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮರ ಆಳ್ವಿಕೆ ಮುಗಿದು ವರ್ಷ ದಾಟಿತ್ತು. ನಮ್ಮಪ್ಪ ಭಾಲ್ಕಿಯಲ್ಲಿ ಒಬ್ಬ ಜಾಗೀರದಾರರ ಕಚೇರಿಯಲ್ಲಿ ಪೇಶಕಾರರಾಗಿದ್ದರು. ಜಾಗೀರು ಹೋಯಿತು, ಕಚೇರಿಗೆ ಬೀಗ ಬಿತ್ತು, ಅಪ್ಪ ಮನೆ ಹಿಡಿದರು. ಉರ್ದುವಿನಲ್ಲಿ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ ಕೈಗೆ ದಿನವಿಡೀ ಕೆಲಸವಿಲ್ಲ. ನನ್ನ ಕೆಳಗೆ ಇಬ್ಬರು ತಂಗಿಯರು. ಅವ್ವ ರೊಟ್ಟಿ ಹಾಕುವಾಗ ನನ್ನ ಮುಖ ನೋಡುತ್ತಿದ್ದಳು. ಅಷ್ಟರಲ್ಲಿ ಬೇಸಿಗೆಗೆ ಬೀದರಿನಲ್ಲಿ ಪೊಲೀಸ್ ಭರ್ತಿ ಆಗುತ್ತದೆ ಎಂದು ಸುದ್ದಿ ಬಂತು. ನನಗೆ ಎತ್ತರವಿತ್ತು. ಓಡುತ್ತಿದ್ದೆ. ಎದೆ ಮಾತ್ರ ಇರಲಿಲ್ಲ. ಉಸಿರು ಬಿಗಿಹಿಡಿದರೂ ಬೇಕಾದದ್ದಕ್ಕಿಂತ ಎರಡು ಇಂಚು ಕಡಿಮೆ. ಬೀದರಿನಲ್ಲಿದ್ದ ಸೋದರಮಾವ, ಆರು ತಿಂಗಳು ನಮ್ಮಲ್ಲಿದ್ದು ತಾಲೀಮಿಗೆ ಹೋಗು ಎಂದು ಕರೆಸಿಕೊಂಡ.

ಮೊದಲ ದಿನ ಮಾವನೇ ಕರೆದುಕೊಂಡು ಹೋದ.

"ಇವ ನಮ್ಮ ಅಕ್ಕನ ಮಗ ನೋಡ್ರಿ ಉಸ್ತಾದ್. ಬ್ಯಾಸಗಿ ಭರ್ತಿಗಿ ನಿಂದರ್ಲತ್ತಾನ. ಎರಡು ಇಂಚು ಎದಿ ಬೇಕಾಗ್ಯಾದರಿ."

ಉಸ್ತಾದರು ತೋಳು ಒತ್ತಿದರು. ಚ್ಚ್ ಅಂದರು.

"ಒಂದ್ ವರ್ಷ ಮಣ್ಣು. ಒಂದ್ ವರ್ಷ ಮೈ. ಆಮ್ಯಾಲ ಕಲ್ಲು."

"ಅಷ್ಟು ಟೈಮ್ ಇಲ್ರಿ. ಆರು ತಿಂಗಳ ಅದರಿ."

"ನಿಮ್ಮದು ಕಮಠಾಣದಾಗ ಹೊಲ ಅದಲ್ಲರಿ. ಆರು ತಿಂಗಳಿಗಿ ಏನ್ ಬರ್ತದ?"

"ತೊಗರಿ ಬರ್ತದ್ರಿ."

"ಹಂಗಾದ್ರ ತೊಗರಿ ಹಾಕ್ರಿ. ಈ ಹುಡುಗನ್ನ ಯಾಕ ತಂದೀರಿ?"

ಮಾವ ನಕ್ಕ. ನನಗೆ ನಗು ಬರಲಿಲ್ಲ. ನನ್ನ ಮನೆಯ ಗತಿ ಆ ಎರಡು ಇಂಚಿನ ಮೇಲೆ ನಿಂತಿತ್ತು.

ಗರಡಿಮನೆಗೆ ನಮ್ಮ ಕಡೆ ತಾಲೀಮು ಎನ್ನುತ್ತಾರೆ. ಉಸ್ತಾದರ ತಾಲೀಮು ಕೋಟೆಯ ಹತ್ತಿರದ ಒಂದು ಓಣಿಯ ಕೊನೆಯಲ್ಲಿತ್ತು. ಹಿಂದೆ ನಲವತ್ತು ಮಂದಿ ಬರುತ್ತಿದ್ದ ಜಾಗ, ನಾನು ಹೋದಾಗ ಎಂಟು ಮಂದಿಗೆ ಇಳಿದಿತ್ತು. ಆಗಿನ ಗಲಭೆಗೆ ಹೆದರಿ ಕೆಲವರು ಊರು ಬಿಟ್ಟಿದ್ದರು, ಕೆಲವರನ್ನು ಮನೆಯವರು ಹೊರಗೆ ಬಿಡುತ್ತಿರಲಿಲ್ಲ, ಕೆಲವರ ಮಾತು ಯಾರೂ ಎತ್ತುತ್ತಿರಲಿಲ್ಲ. ಆಯುಧ ಹುಡುಕುವ ದಿನಗಳಲ್ಲಿ ತಪಾಸಣೆಗೆ ಬಂದವರು ಲಾಠಿ, ಲೇಜಿಮು, ತಿರುಗಿಸುವ ಮರದ ಮುದ್ಗರ ಎಲ್ಲವನ್ನೂ ಹತಾರವೆಂದು ಗಾಡಿಗೆ ಹಾಕಿಕೊಂಡು ಹೋಗಿದ್ದರಂತೆ. ಗೋಡೆಗೆ ಸಾಲಾಗಿ ಇಟ್ಟಿದ್ದ ಐದು ಗುಂಡುಕಲ್ಲುಗಳನ್ನು ಎತ್ತಲು ನೋಡಿ, ಆಗದೆ ಬಿಟ್ಟುಹೋದರು. ಉಸ್ತಾದರು ಇದನ್ನು ಹೇಳುವಾಗ ಮಾತ್ರ ಸ್ವಲ್ಪ ನಗುತ್ತಿದ್ದರು. "ಹತ್ತು ಜವಾನ್ ಮಂದಿ. ಒಬ್ಬನೂ ಮಣ್ಣು ಅಗದವ ಇದ್ದಿಲ್ಲ" ಅನ್ನುತ್ತಿದ್ದರು.

ಅಂದರೆ ಇಡೀ ತಾಲೀಮಿನಲ್ಲಿ ಉಳಿದದ್ದೇ ಐದು ಕಲ್ಲು. ಆ ಐದನ್ನೂ ಅವರು ನನಗೆ ಮುಟ್ಟಗೊಡಲಿಲ್ಲ.

ಮೊದಲ ಎರಡು ತಿಂಗಳು ನಾನು ಮಾಡಿದ್ದು ಅಖಾಡದ ಕೆಂಪು ಮಣ್ಣನ್ನು ಗುದ್ದಲಿಯಿಂದ ಅಗೆಯುವುದು. ಅಗೆದು ಸಮ ಮಾಡಬೇಕು. ಬೇರೆಯವರು ಅದರ ಮೇಲೆ ಕುಸ್ತಿ ಆಡಿ ತುಳಿದು ಗಟ್ಟಿ ಮಾಡುತ್ತಿದ್ದರು. ಮರುದಿನ ಮತ್ತೆ ಅಗೆಯಬೇಕು. ಇದು ವ್ಯಾಯಾಮವೇ ಎಂದು ಕೇಳಿದೆ. "ನಿನ್ನ ಕೇಳಿ ಮಣ್ಣು ಗಟ್ಟಿ ಆಗ್ಯಾದೇನು?" ಅಂದರು. ಮತ್ತೆ ಗುದ್ದಲಿ ಎತ್ತಿಕೊಂಡೆ.

ಆಮೇಲೆ ಬಸ್ಕಿ ಮತ್ತು ದಂಡ ಶುರುವಾಯಿತು. ಅದರಲ್ಲೂ ಲೆಕ್ಕ ಇರಲಿಲ್ಲ. ಪ್ರಪಂಚದಲ್ಲಿ ಎಲ್ಲ ಕಡೆ ಐವತ್ತು, ನೂರು ಎಂದು ಎಣಿಸಿ ಬಸ್ಕಿ ಹೊಡೆಯುತ್ತಾರೆ. ನಮ್ಮ ತಾಲೀಮಿನಲ್ಲಿ ಬೆವರನ್ನು ಅಳೆಯುತ್ತಿದ್ದರು. ಮೂಗಿನ ತುದಿಯಿಂದ, ಗಡ್ಡದಿಂದ ಬೆವರು ತೊಟ್ಟಿಕ್ಕಿ ನೆಲದ ಮೇಲೆ ಹಸಿ ಗುರುತು ಬೀಳಬೇಕು. ಮೊದಲ ತಿಂಗಳು ಪೂರಿಯಷ್ಟು ಅಗಲ. ಮುಂದೆ ರೊಟ್ಟಿಯಷ್ಟು. ರೊಟ್ಟಿಯೆಂದರೆ ನಮ್ಮ ಬೀದರಿನ ಜೋಳದ ರೊಟ್ಟಿ, ತಟ್ಟೆಯ ಹೊರಗೆ ಚಾಚುವಂಥದ್ದು. ಬೀದರಿನ ಚಳಿಗಾಲದ ಮುಂಜಾನೆ ಬಾಯಿಂದ ಹೊಗೆ ಬರುವಾಗ ರೊಟ್ಟಿಯಗಲ ಬೆವರು ಎಲ್ಲಿಂದ ತರುವುದು? ಎದ್ದು ಕೂತು ಎದ್ದು ಕೂತು ತೊಡೆ ಮರಗಟ್ಟಿದರೂ ನೆಲ ಒಣಗಿಯೇ ಇರುತ್ತಿತ್ತು.

ಒಂದು ದಿನ ತಾಳ್ಮೆ ಕೆಟ್ಟು, ಅವರು ಆಚೆ ತಿರುಗಿದಾಗ ತಂಬಿಗೆಯಿಂದ ಒಂದಿಷ್ಟು ನೀರು ಚಿಮುಕಿಸಿದೆ. ಚೆನ್ನಾಗಿ, ನಡುವೆ ದಟ್ಟವಾಗಿ, ಅಂಚಿನಲ್ಲಿ ಹನಿಹನಿಯಾಗಿ, ನೋಡಿದವರು ನಂಬಬೇಕು ಹಾಗೆ. ಉಸ್ತಾದರು ಬಂದರು. ಗುರುತು ನೋಡಿದರು. ಮೊಣಕಾಲೂರಿ ಕೂತು, ಎರಡು ಬೆರಳಲ್ಲಿ ಮಣ್ಣು ಹಿಡಿದು ನಾಲಿಗೆಯ ತುದಿಗೆ ಇಟ್ಟುಕೊಂಡರು.

"ಉಪ್ಪಿಲ್ಲ" ಅಂದರು.

ಅಷ್ಟೇ. ಬೈಯಲಿಲ್ಲ. ಎಂಟು ಮಂದಿಯೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಆ ಅವಕಾಶವನ್ನೂ ಅವರು ಕೊಡುತ್ತಿರಲಿಲ್ಲ.

ಒಳ್ಳೆಯದೂ ಹೇಳಬೇಕಲ್ಲ, ಹೇಳುತ್ತೇನೆ. ಐದು ಹೊತ್ತು ನಮಾಜು ಮಾಡುವ ಮನುಷ್ಯ, ತಾಲೀಮಿನ ಗೂಡಿನಲ್ಲಿದ್ದ ಹನುಮಪ್ಪನಿಗೆ ಶನಿವಾರ ದೀಪ ಹಚ್ಚದಿದ್ದರೆ ಕೂಗಾಡಿ ಓಣಿ ಎಬ್ಬಿಸುತ್ತಿದ್ದರು. ದೀಪದ ಪಾಳಿ ನನ್ನದು, ಕೂಗು ತಿಂದವನೂ ನಾನೇ. ಇನ್ನು, ದಿನಾ ಒಂದು ಮುಷ್ಟಿ ನೆನೆಸಿದ ಕಡಲೆಯನ್ನು ತಮ್ಮ ಮನೆಯಿಂದ ಕರವಸ್ತ್ರದಲ್ಲಿ ಕಟ್ಟಿ ತರುತ್ತಿದ್ದರು. ಕೊಡುವಾಗಲೂ ಒಂದು ಒಳ್ಳೆಯ ಮಾತಿಲ್ಲ. "ತಿನ್ನು. ಗಾಳಿ ಬಿಟ್ರ ಹಾರಿ ಹೋಗ್ತಿ" ಅನ್ನುವುದು. ಅವರ ಮನೆಯಲ್ಲೂ ಆಗ ಉಣ್ಣುವವರು ಬಹಳ, ದುಡಿಯುವವರು ಕಡಿಮೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಡಲೆ ತಿಂದು, ಕಲ್ಲಿನ ಕಡೆಗೇ ನೋಡುತ್ತಿದ್ದೆ.

ಏಕೆಂದರೆ ದಿನಗಳು ಹೋಗುತ್ತಿದ್ದವು. ಯಾವುದು ಮಾಡಿದರೆ ಎದೆ ಬೇಗ ಬರುತ್ತದೆ ಎಂದು ಸಿಕ್ಕ ಸಿಕ್ಕವರನ್ನೆಲ್ಲ ಕೇಳಿದೆ. ಒಬ್ಬ ದಂಡ ಒಂದೇ ಸಾಕು ಅಂದ. ಒಬ್ಬ ಕಲ್ಲು ಎತ್ತದೆ ಏನೂ ಆಗುವುದಿಲ್ಲ ಅಂದ. ಮಾವ ತನಗೆ ತಿಳಿದಂತೆ ಎಮ್ಮೆ ಹಾಲು ಅಂದ. ಎಲ್ಲವನ್ನೂ ಉಸ್ತಾದರ ಮುಂದೆ ಇಟ್ಟು, ಇದರಲ್ಲಿ ನನಗೆ ಯಾವುದು ಎಂದು ಕೇಳಿದೆ. "ಹತ್ತು ಮಂದಿಗಿ ಕೇಳಿದ್ರ ಹತ್ತು ದವಾ ಹೇಳ್ತಾರ. ಬ್ಯಾನಿ ನಿಂದು ಒಂದೇ" ಅಂದರು. ಆ ಬೇನೆ ಯಾವುದೆಂದು ಕೇಳಿದೆ. "ಅವಸರ" ಅಂದರು.

"ಸಣ್ಣ ಕಲ್ಲರೆ ಕೊಡ್ರಿ ಉಸ್ತಾದ್. ಒಂದ್ ಸಲ."

"ಕಲ್ಲು ಎಲ್ಲಿ ಓಡಿ ಹೋಗ್ತದೋ?"

"ಕಲ್ಲು ಹೋಗಲ್ರಿ. ಭರ್ತಿ ಹೋಗ್ತದ."

ಕೋಣನ ಮುಂದೆ ಕಿನ್ನರಿ.

ತಿಂಗಳಿಗೆ ಒಂದೆರಡು ಸಲ ರೈಲು ಹತ್ತಿ ಭಾಲ್ಕಿಗೆ ಹೋಗುತ್ತಿದ್ದೆ. ಅಲ್ಲಿ ಕಾಳುಕಡಿಯ ಅಡತಿ ವ್ಯಾಪಾರಿಯೊಬ್ಬರ ಮಗ ನನ್ನ ಸಾಲೆಯ ಗೆಳೆಯ. ಹೈದರಾಬಾದಿನಲ್ಲಿ ಒಂದು ವರ್ಷ ಓದಿ ಬಂದವನು ಒಂದು ಇಂಗ್ಲಿಷ್ ಚಾರ್ಟು ತಂದಿದ್ದ. ಚಡ್ಡಿ ಹಾಕಿದ ಒಬ್ಬ ಬಿಳಿ ದೊರೆ, ಎರಡೂ ಕಡೆ ಗುಂಡುಗಳಿರುವ ಕಬ್ಬಿಣದ ಸರಳನ್ನು ತಲೆಯ ಮೇಲೆ ಎತ್ತಿ ನಗುತ್ತಿದ್ದ. ಗೆಳೆಯ ಅಷ್ಟಿಷ್ಟು ಓದಿ ಹೇಳಿದ ಪ್ರಕಾರ, ಹೊಸಬರಿಗೆ ವಾರದಲ್ಲಿ ಮೂರು ದಿನ, ಹನ್ನೆರಡು ವಾರ, ಎದೆ ಗ್ಯಾರಂಟಿ. ಎಲ್ಲಾ ಚಿತ್ರ ಸಮೇತ, ಅಂಕಿ ಸಮೇತ. ಆ ಅಂಕಿಗಳನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕಡೆಗೂ ಎಣಿಸಬಲ್ಲ ಒಂದು ವ್ಯಾಯಾಮ!

ಕಬ್ಬಿಣದ ಗುಂಡು ಎಲ್ಲಿಂದ ತರುವುದು? ಅಡತಿಯಲ್ಲಿ ತೊಗರಿ ತೂಗುವ ಸೇರಿನ ತೂಕಗಳಿದ್ದವು. ಹಳೆಯ ಬಂಡಿಯ ಒಂದು ಸರಳಿಗೆ ಎರಡೂ ಕಡೆ ಅವನ್ನು ಹಗ್ಗದಿಂದ ಬಿಗಿದೆವು. ಚಾರ್ಟಿನಲ್ಲಿ ಹೊಸಬರಿಗೆ ನಲವತ್ತು ಎಂದಿತ್ತು, ಮುಂದೆ ಎರಡು ಇಂಗ್ಲಿಷ್ ಅಕ್ಷರ. ಉರ್ದುವಿನಲ್ಲಿ ಓದಿದ ನಮಗೆ ಅಂಕಿ ಗೊತ್ತು, ಆ ಎರಡಕ್ಷರದ ಅರ್ಥ ಗೊತ್ತಿಲ್ಲ. ತೂಕವೆಂದರೆ ನಮಗೆ ಸೇರು. ನಲವತ್ತು ಸೇರು ಕಟ್ಟಿದೆವು. ಅಂದರೆ ಒಂದು ಪೂರ್ತಿ ಮಣ. ಎಷ್ಟೋ ವರ್ಷದ ಮೇಲೆ, ಔರಾದಿನ ಸಾಲೆಯಲ್ಲಿ ಮಾಸ್ತರನಾಗಿ ಮಕ್ಕಳಿಗೆ ತೂಕದ ಕೋಷ್ಟಕ ಕಲಿಸುವಾಗ, ಆ ಎರಡು ಅಕ್ಷರವೆಂದರೆ ಪೌಂಡು, ಪೌಂಡೆಂದರೆ ಹೆಚ್ಚುಕಡಿಮೆ ಅರ್ಧ ಸೇರು ಎಂದು ತಿಳಿಯಿತು. ಅಂದು ಇಡೀ ತರಗತಿಯ ಮುಂದೆ ಬೋರ್ಡಿಗೆ ಬರೆಯುವ ಖಡು ಹಿಡಿದು ಸುಮ್ಮನೆ ನಿಂತುಬಿಟ್ಟಿದ್ದೆ.

ದೊರೆ ನಗುತ್ತಾ ಎತ್ತಿದ್ದ. ನಾನು ಹಲ್ಲು ಕಚ್ಚಿ ಎತ್ತಿದೆ. ಮೂರು ಸಲ ಭಾಲ್ಕಿಗೆ ಹೋದೆ, ಮೂರು ಸಲವೂ ಎತ್ತಿದೆ. ಮೂರನೆಯ ಸಲ, ಶಿವರಾತ್ರಿಯ ಮರುದಿನ, ಸರಳು ಎದೆಯ ಮಟ್ಟಕ್ಕೆ ಬಂದಾಗ ಸೊಂಟದ ಮೇಲೆ ಏನೋ ಜರುಗಿತು. ಅಲ್ಲೇ ಅಡತಿಯ ಚೀಲಗಳ ಮೇಲೆ ಬಿದ್ದೆ. ಉಸಿರಾಡಿದರೆ ನೋವು.

ಬೀದರಿಗೆ ಬಂದು ಮಾವನಿಗೆ, ಸೈಕಲ್ಲಿನಿಂದ ಬಿದ್ದೆ ಎಂದೆ. ಮಾವ ಉಸ್ತಾದರನ್ನು ಕರೆತಂದ. ಕೀಲು ತಪ್ಪಿದರೆ, ನರ ಹಿಡಿದರೆ ಓಣಿಯವರೆಲ್ಲ ಅವರಲ್ಲಿಗೇ ಹೋಗುತ್ತಿದ್ದರು. ನನ್ನನ್ನು ಬೋರಲು ಮಲಗಿಸಿ, ಎಳ್ಳೆಣ್ಣೆ ಹಚ್ಚಿ, ಬೆನ್ನುಮೂಳೆಯ ಉದ್ದಕ್ಕೆ ಹೆಬ್ಬೆರಳು ಒತ್ತುತ್ತಾ ಬಂದರು. ಒಂದು ಕಡೆ ಬೆರಳು ನಿಂತಿತು.

"ಸೈಕಲ್ ಮ್ಯಾಲಿಂದ ಬಿದ್ದಿ?"

"ಹೌದ್ರಿ."

"ಯಾವ ಕಡಿ ಬಿದ್ದಿ?"

"ಎಡಕ್ಕ್ರಿ."

ಎಡಗಡೆ ನನಗೆ ಒಂದು ತರಚು ಗಾಯವೂ ಇರಲಿಲ್ಲ. ಅವರು ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಾವು ಕೊಟ್ಟರು. ಇಪ್ಪತ್ತು ದಿನ, ಮುಂಜಾನೆ ತಾಲೀಮು ಮುಗಿಸಿ ತಪ್ಪದೆ ಬಂದು ತಿಕ್ಕಿ ಹೋದರು. ಕಡಲೆಯನ್ನೂ ತಂದರು. ಒಂದು ಪ್ರಶ್ನೆಯನ್ನೂ ಮತ್ತೆ ಕೇಳಲಿಲ್ಲ. ನನಗೋ ಮೈಯೆಲ್ಲ ಉರಿ. ಬೈಯಬಾರದೇ ಈ ಮನುಷ್ಯ! ಬೈದರೆ ಹೇಳಿಬಿಡುತ್ತಿದ್ದೆ.

ಎದ್ದು ಓಡಾಡುವಷ್ಟಕ್ಕೆ ಬಂದಾಗ ಭರ್ತಿಗೆ ಒಂದು ತಿಂಗಳು ಉಳಿದಿತ್ತು. ಮತ್ತೆ ಮಣ್ಣು, ಮತ್ತೆ ಬಸ್ಕಿ. ಆಗ ಬಿಸಿಲು ಏರಿತ್ತು, ರೊಟ್ಟಿಯಗಲ ಬೆವರು ಸುಮ್ಮನೆ ನಿಂತರೂ ಬೀಳುತ್ತಿತ್ತು. ನಡುವೆ ಒಂದು ದಿನ ಕನ್ನಡಿಯಲ್ಲಿ ನೋಡಿಕೊಂಡೆ. ಸುಳ್ಳು ಹೇಳಬಾರದು, ಎದೆ ಬಂದಿತ್ತು. ಆ ಹಾಳು ಮಣ್ಣು ಅಗೆದೇ ಬಂದಿತ್ತು. ಬರಬೇಕಾದಷ್ಟು ಬಂದಿತ್ತೋ ಇಲ್ಲವೋ ಎಂಬುದೇ ಪ್ರಶ್ನೆ.

ಭರ್ತಿ ಎರಡು ದಿನ. ಮೊದಲ ದಿನ ಓಟದಲ್ಲಿ ಪಾಸಾದೆ. ಎತ್ತರದಲ್ಲಿ ಪಾಸಾದೆ. ಟೇಪು ಹಿಡಿದಿದ್ದ ಜಮಾದಾರ ನನ್ನ ಎದೆಗೆ ಸುತ್ತಿ ಉಸಿರು ಎಳಿ ಅಂದ. ಎಳೆದೆ. ಇನ್ನೂ ಎಳಿ ಅಂದ. ಎಳೆದಾಗ ಬೆನ್ನಿನಲ್ಲಿ ಆ ಹಳೆಯ ಜಾಗ ಚಳಕ್ ಎಂದು ಉಸಿರು ಅರ್ಧಕ್ಕೆ ನಿಂತಿತು.

"ಅರ್ಧ ಇಂಚು ಕಡಿಮಿ. ಮುಂದ್ ನಡಿ" ಅಂದ.

ರಾತ್ರಿ ಮಾವನ ಮನೆಯಲ್ಲಿ ನಾನು ಉಣ್ಣಲಿಲ್ಲ. ಮಾವ ಹೋಗಿ ಉಸ್ತಾದರಿಗೆ ಸುದ್ದಿ ಮುಟ್ಟಿಸಿದ. ಮರುದಿನ ಮುಂಜಾನೆ ಅವರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಮೈಮೇಲೆ ಕರಿ ಶೇರ್ವಾನಿ. ನಿಜಾಮರ ಕಾಲದಲ್ಲಿ ಕಚೇರಿಗೆ ಹೋಗುವಾಗ ಹಾಕುತ್ತಿದ್ದದ್ದು. ಮಾವನ ಮುಖ ಸಣ್ಣದಾಯಿತು. ಆ ದಿನಗಳಲ್ಲಿ ಮುಸಲ್ಮಾನ ಮಂದಿ ಪೊಲೀಸರ ಮೈದಾನದ ಕಡೆ ಸುಳಿಯುತ್ತಿರಲಿಲ್ಲ, ಶೇರ್ವಾನಿ ಹಾಕಿಕೊಂಡಂತೂ ಇಲ್ಲವೇ ಇಲ್ಲ.

"ಉಸ್ತಾದ್, ಈ ಬಟ್ಟಿ ಬ್ಯಾಡಾಗಿತ್ತರಿ" ಅಂದ ಮಾವ.

"ಸರಕಾರದ ಮುಂದ ಹೋಗ್ಲತ್ತೇನಿ. ಲುಂಗಿ ಮ್ಯಾಲ ಹೋಗ್ಲೇನು?" ಅಂದರು. ನನಗೆ, "ನಡಿ" ಅಂದರು.

ಎಲ್ಲಿಗೆ, ಯಾಕೆ ಎಂದು ದಾರಿಯುದ್ದಕ್ಕೂ ಕೇಳಿದೆ. ಮೈದಾನದಲ್ಲಿ ಹುಡುಗರ ಸಾಲು ನಿಂತಿತ್ತು. ಉಸ್ತಾದರು ಸಾಲು ದಾಟಿ ನೆಟ್ಟಗೆ ಜಮಾದಾರನ ಮೇಜಿನ ಮುಂದೆ ಹೋಗಿ ನಿಂತರು. ಎಲ್ಲರೂ ನೋಡಿದರು. ನಾನು ಅವರ ಹಿಂದೆ, ನೆಲ ನೋಡುತ್ತಾ.

"ಈ ಹುಡುಗಂದು ನಿನ್ನಿ ಅರ್ಧ ಇಂಚು ಕಡಿಮಿ ಬಂದದರಿ. ಅದು ಇವನ ತಪ್ಪಲ್ಲ. ನಾ ಇವನ ಉಸ್ತಾದ್. ತಪ್ಪು ನಂದು."

ಜಮಾದಾರ ತಲೆ ಎತ್ತಿದ. "ಏನ್ ತಪ್ಪು ಮಾಡೀರಿ?"

"ಆರು ತಿಂಗಳು ಕಲ್ಲು ಕೇಳ್ದ. ನಾ ಕೊಡ್ಲಿಲ್ಲ. ಸಣ್ಣದರೆ ಕೊಟ್ಟಿದ್ರ ಹುಡುಗ ಹೊರಗ ಹೋಗಿ ಬೆನ್ನು ಮುರ್ಕೊಳ್ತಿದ್ದಿಲ್ಲ."

ಅವರಿಗೆ ಗೊತ್ತಿತ್ತು. ಬೆರಳು ಬೆನ್ನ ಮೇಲೆ ನಿಂತ ದಿನವೇ ಗೊತ್ತಾಗಿತ್ತು. ಇಪ್ಪತ್ತು ದಿನ ಗೊತ್ತಿದ್ದೇ ತಿಕ್ಕಿದ್ದರು.

ಜಮಾದಾರ ಕೆಟ್ಟವನಲ್ಲ, ಹುಡುಗು ಸ್ವಭಾವದವನು. ಸಾಲಿನವರ ಕಡೆ ಕಣ್ಣು ಹೊಡೆದು, "ಉಸ್ತಾದಂದು ಎದಿ ಎಷ್ಟದ ನೋಡಮಿ" ಎಂದು ಟೇಪು ಎತ್ತಿದ. ಉಸ್ತಾದರು ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಶೇರ್ವಾನಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಮಡಚಿ ನನ್ನ ಕೈಗೆ ಕೊಟ್ಟು, ತೋಳು ಎತ್ತಿ ನಿಂತರು. ಟೇಪು ಸುತ್ತಿದ ಜಮಾದಾರನ ನಗು ನಿಂತಿತು. ಐವತ್ತು ದಾಟಿದ ಆ ಕುಳ್ಳ ದೇಹದಲ್ಲಿ, ಬೇಕಾದ್ದಕ್ಕಿಂತ ಹತ್ತು ಇಂಚು ಹೆಚ್ಚಿತ್ತು.

"ಇದ್ರಾಗಿಂದು ಅರ್ಧ ಇಂಚು ಅವನ ಹೆಸರಿಗಿ ಬರ್ಕೊಳ್ರಿ ಸಾಹೇಬ್" ಅಂದರು ಉಸ್ತಾದರು. "ನನಗ ಅದು ಇನ್ನ್ಯಾತಕ್ಕ ಬೇಕು?"

ಇಡೀ ಮೈದಾನ ನಕ್ಕಿತು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಉಸ್ತಾದರು ಮಾತ್ರ ತೋಳು ಎತ್ತಿಕೊಂಡೇ ನಿಂತಿದ್ದರು, ಈಗ ಬರೆಯುತ್ತಾನೆ ಎಂದು. ಅವರು ತಮಾಷೆಗೆ ಹೇಳಿರಲಿಲ್ಲ. ಅವರಿಗೆ ತಮಾಷೆ ಬರುತ್ತಲೇ ಇರಲಿಲ್ಲ.

ಜಮಾದಾರ ಬರೆಯಲಿಲ್ಲ, ಬರೆಯುವುದು ಹೇಗೆ? ನಾನು ಶೇರ್ವಾನಿಯನ್ನು ಅವರ ಹೆಗಲ ಮೇಲೆ ಎಸೆದು ಹೊರಗೆ ನಡೆದೆ. ಅವರು ಗುಂಡಿ ಹಾಕಿಕೊಳ್ಳುತ್ತಾ ಹಿಂದೆ ಬಂದರು. ನನಗೆ ನಾಚಿಕೆಯಾಗಿತ್ತು. ಭರ್ತಿ ಹೋದದ್ದಕ್ಕೆ, ಮಂದಿ ನಕ್ಕಿದ್ದಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಸುಳ್ಳು ಅವರಿಗೆ ಗೊತ್ತಿದ್ದದ್ದಕ್ಕೆ. ಅಷ್ಟು ನಾಚಿಕೆಯನ್ನು ಏನು ಮಾಡಬೇಕೆಂದು ಆ ವಯಸ್ಸಿನಲ್ಲಿ ತಿಳಿಯುವುದಿಲ್ಲ. ಕೋಟೆಯ ಕಂದಕದ ಹತ್ತಿರ ತಿರುಗಿ ನಿಂತು, "ನಿಮ್ಮ ಕೈಯಾಗ ಬಿದ್ದು ನನ್ನ ಬಾಳೇವು ಹಾಳಾತು ಉಸ್ತಾದ್" ಅಂದೆ.

ಹೇಳಿ ಕಾದೆ. ನಾನು ಬಾಯಿ ತೆರೆದರೆ ಸಾಕು, ಕತ್ತರಿಸಿ ಎಸೆಯುವ ಮನುಷ್ಯ. ಭಾಲ್ಕಿಯಲ್ಲಿ ಏನು ಎತ್ತಿದ್ದಿ ಹೇಳೋ ಎಂದು ಗದರುತ್ತಾರೆ, ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಾರೆ, ಆಗ ಕಾಲು ಹಿಡಿದುಕೊಂಡು ಎಲ್ಲಾ ಹೇಳಿಬಿಡುತ್ತೇನೆ ಎಂದು ಕಾದೆ.

"ಖರೇ ಅದ, ಬೇಟಾ" ಅಂದರು. ಅಂದು, ತಾಲೀಮಿನ ಕಡೆ ಹೊರಟುಹೋದರು.

ಆರು ತಿಂಗಳಲ್ಲಿ ನನ್ನ ಒಂದು ಮಾತಿಗೂ ಅವರು ಹೌದು ಅಂದಿರಲಿಲ್ಲ. ಅಂದದ್ದು ಇದೊಂದಕ್ಕೇ.